ಆಕಾಶದಲ್ಲಿ ನಮ್ಮದೂ ಒಂದು ಪಾಲು

2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ವಿದ್ಯಾರ್ಥಿಗಳು ಸೇರಿದ್ದರು. ಅವರ ಪ್ರಶ್ನೆಗಳಿಗೆ ಉತ್ತರಿಸಬೇಕಿದ್ದವರು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ. ಅವರಿದ್ದದ್ದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ. ಆ ಮಾತುಕತೆಗೆ ಆರಿಸಿಕೊಂಡಿದ್ದ ದಾರಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ.

ಬಾಹ್ಯಾಕಾಶ ನಿಲ್ದಾಣದಿಂದ ಮಾತಾಡಲು ಬೇರೆ ಸೌಕರ್ಯಗಳಿಲ್ಲವೇ? ಬೇಕಾದಷ್ಟಿವೆ. ಆದರೂ 1983ರಲ್ಲಿ ಅಮೆರಿಕದ ಗಗನಯಾತ್ರಿ ಓವನ್ ಗ್ಯಾರಿಯಟ್ ಷಟಲ್ ನೌಕೆಗೆ ಪುಟ್ಟ ಹ್ಯಾಮ್ ಸೆಟ್ ಒಯ್ದು ನೆಲದ ಹವ್ಯಾಸಿಗಳ ಜೊತೆ ಮಾತಾಡಿದಂದಿನಿಂದ ಈ ಪದ್ಧತಿ ಮುಂದುವರಿದಿದೆ. ನಿಲ್ದಾಣವು ಒಂದು ಊರಿನ ಆಕಾಶವನ್ನು ಈ ಅಂಚಿನಿಂದ ಆ ಅಂಚಿಗೆ ದಾಟಲು ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕೇಳುವುದನ್ನು ಕೇಳಿ ಮುಗಿಸಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಮಾತು ಮುಗಿದಾಗ ‘ಓವರ್’ ಎನ್ನಬೇಕು. ನಿಲ್ದಾಣದ ದನಿ ಸಾಮಾನ್ಯವಾಗಿ ಕೇಳಿಸುವುದು 145.800 ಮೆಗಾಹರ್ಟ್ಸ್‌ನಲ್ಲಿ. ಅದನ್ನು ಹಿಡಿಯಲು ದೈತ್ಯ ಡಿಶ್ ಬೇಕಿಲ್ಲ. ತಾರಸಿಯ ಮೇಲೊಂದು ಸಾಧಾರಣ ಆಂಟೆನಾ ಸಾಕು.

ಜೇಬಿನಲ್ಲಿರುವ ಮೊಬೈಲ್‌ನಿಂದ ಯಾರ ಜೊತೆಗೆ ಬೇಕಾದರೂ ಮುಖ ನೋಡಿಕೊಂಡು ಮಾತಾಡಬಹುದಾದ ಕಾಲವಿದು. ಈಗಲೂ ಜಗತ್ತಿನಾದ್ಯಂತ ಲಕ್ಷಾಂತರ ಜನ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮರದಿಂದ ಮರಕ್ಕೆ ತಂತಿ ಕಟ್ಟಿ, ಗೊರಗೊರ ಸದ್ದಿನ ನಡುವೆ ಅಪರಿಚಿತರ ದನಿಗಾಗಿ ಕಿವಿಗೊಟ್ಟು ಕೂರುತ್ತಾರೆ. ಅಮೆರಿಕವೊಂದರಲ್ಲೇ ಇಂಥವರ ಸಂಖ್ಯೆ ಏಳು ಲಕ್ಷ ದಾಟಿದೆ. ನೂರು ವರ್ಷ ಮೀರಿದ ಈ ಹವ್ಯಾಸ ಯಾಕಿನ್ನೂ ಮಾಸಿಲ್ಲ?

ಮೊಬೈಲ್ ಹಿಡಿದವನು ಒಂದು ಕಂಪನಿಯ ಗ್ರಾಹಕ. ರೇಡಿಯೊ ಕೇಳುವವನು ಒಬ್ಬ ಶ್ರೋತೃ. ಹ್ಯಾಮ್ ಮಾತ್ರ ತನ್ನದೇ ನಿಲಯದ ಒಡೆಯ. ಅವನಿಗೂ ಅವನೊಡನೆ ಮಾತಾಡುವವನಿಗೂ ನಡುವೆ ಟವರ್ ಇರಬೇಕಿಲ್ಲ, ಕೇಬಲ್ ಬೇಕಿಲ್ಲ, ತಿಂಗಳ ಬಿಲ್ಲೂ ಇಲ್ಲ. ಇರುವುದು ಆಕಾಶ ಮತ್ತು ಇಬ್ಬರ ಕೈಚಳಕ. ರೇಡಿಯೊ ತರಂಗ ದೇಶದ ಸಂಪತ್ತು. ಸರ್ಕಾರಗಳು ಅದನ್ನು ಸಾವಿರಾರು ಕೋಟಿ ರೂಪಾಯಿಗೆ ಹರಾಜು ಹಾಕುತ್ತವೆ. ಆ ಸಂಪತ್ತಿನಲ್ಲಿ ಕೆಲವು ತುಂಡುಗಳನ್ನು ಜಗತ್ತಿನ ರಾಷ್ಟ್ರಗಳು ಸಾಮಾನ್ಯ ಪ್ರಜೆಗೆಂದು ಎತ್ತಿಟ್ಟಿವೆ. ಕಲಿಯಲು, ಪ್ರಯೋಗ ಮಾಡಲು, ಆಪತ್ತಿಗೆ ಒದಗಲು ಇರುವ ಈ ಪಾಲನ್ನು ಉಳಿಸಿಕೊಂಡು ಬಂದದ್ದೇ ಹ್ಯಾಮ್‌ಗಳ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

ಕೆಲಸಕ್ಕೆ ಬಾರದೆಂದು ಕೊಟ್ಟದ್ದು

ಈ ಪಾಲು ಸಿಕ್ಕಿದ ಕಥೆ ಸ್ವಾರಸ್ಯಕರ. 1912ರಲ್ಲಿ ಅಮೆರಿಕ ರೇಡಿಯೊ ಕಾನೂನು ತಂದಾಗ ನೌಕಾಪಡೆಗೂ ಕಂಪನಿಗಳಿಗೂ ಉದ್ದನೆಯ ತರಂಗಗಳು ಬೇಕಾಗಿದ್ದವು. ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆ ಎಂಬುದು ಆಗಿನ ತಿಳಿವಳಿಕೆ. ಹವ್ಯಾಸಿ ಹುಡುಗರ ಕಾಟ ತಪ್ಪಲಿ ಎಂದು ಅವರನ್ನು 200 ಮೀಟರಿಗಿಂತ ಚಿಕ್ಕ ತರಂಗಗಳಿಗೆ ಅಟ್ಟಲಾಯಿತು. ಅವು ಊರಾಚೆಗೂ ಹೋಗಲಾರವು, ಹವ್ಯಾಸ ತಾನಾಗಿ ಸಾಯುತ್ತದೆ ಎಂಬ ಲೆಕ್ಕಾಚಾರ ಅದು.

ಹುಡುಗರು ಸುಮ್ಮನಾಗಲಿಲ್ಲ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರಾಸನ್ ಕಡಲ ತೀರದಲ್ಲಿ ಡೇರೆ ಹಾಕಿ, ಚಳಿಯಲ್ಲಿ ಕೂತು, ಅಟ್ಲಾಂಟಿಕ್‌ನ ಆಚೆ ದಡದ ಹವ್ಯಾಸಿಗಳ ಸಂಕೇತಗಳನ್ನು ಕೇಳಿಸಿಕೊಂಡರು. 1923ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಸುಮಾರು 110 ಮೀಟರ್ ತರಂಗದಲ್ಲಿ ಸಾಗರದ ಎರಡು ದಡಗಳಿಂದ ಪರಸ್ಪರ ಸಂಭಾಷಿಸಿದರು. ಮರುವರ್ಷ, 1924ರ ಅಕ್ಟೋಬರ್ 18ರಂದು, ಲಂಡನ್ನಿನ ಮಿಲ್ ಹಿಲ್ ಶಾಲೆಯ ಹದಿನೆಂಟು ವರ್ಷದ ವಿದ್ಯಾರ್ಥಿ ಸೆಸಿಲ್ ಗಾಯ್ಡರ್ ತಮ್ಮ ಶಾಲೆಯ ನಿಲಯದಿಂದ, ನ್ಯೂಜಿಲೆಂಡಿನ ಕುರಿ ಸಾಕಣೆಯ ಮನೆಯೊಂದರಲ್ಲಿದ್ದ ಫ್ರ್ಯಾಂಕ್ ಬೆಲ್ ಜೊತೆ ಮೋರ್ಸ್ ಸಂದೇಶ ವಿನಿಮಯ ಮಾಡಿಕೊಂಡರು. ಭೂಗೋಳದ ಈ ಬದಿಗೂ ಆ ಬದಿಗೂ ಮಾತು ಬೆಸೆದಿತ್ತು. ಕೆಲಸಕ್ಕೆ ಬಾರದೆಂದು ಬಿಸಾಡಿದ್ದ ಚಿಕ್ಕ ಅಲೆಗಳೇ ಜಗತ್ತನ್ನು ಸುತ್ತುವ ಅಲೆಗಳೆಂದು ಸಾಬೀತಾಗಿತ್ತು.

ಆ ಶಾಲಾ ಹುಡುಗನಿಗೂ ನಮಗೂ ನಂಟಿದೆ. ಮುಂದೆ 1936ರಲ್ಲಿ ಭಾರತಕ್ಕೆ ಬಂದು ಆಲ್ ಇಂಡಿಯಾ ರೇಡಿಯೊದ ಮುಖ್ಯ ಎಂಜಿನಿಯರ್ ಆದವರು ಇದೇ ಸೆಸಿಲ್ ಗಾಯ್ಡರ್. ವಿಶಾಲವಾದ ಈ ದೇಶಕ್ಕೆ ಶಾರ್ಟ್‌ವೇವ್ ಪ್ರಸಾರದ ತಳಪಾಯ ಹಾಕಿದ್ದು ಅವರ ತಂಡ. ನಮ್ಮ ಅಜ್ಜ ಅಜ್ಜಿಯರು ಕಿವಿಯಾನಿಸಿ ಕೇಳಿದ ವಾರ್ತೆಗಳ ಹಿಂದೆ ಒಂದು ಶಾಲೆಯ ಹವ್ಯಾಸಿ ನಿಲಯವಿದೆ.

ಚಿಕ್ಕ ಅಲೆಗಳು ಅಷ್ಟು ದೂರ ಹೋಗುವುದು ಹೇಗೆ? ಭೂಮಿಯ ವಾತಾವರಣದ ಮೇಲ್ಪದರದಲ್ಲಿ ಸೂರ್ಯನ ಕಿರಣಗಳು ಅನಿಲದ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಅಯಾನುಗೋಳವನ್ನು ಉಂಟುಮಾಡುತ್ತವೆ. ಶಾರ್ಟ್‌ವೇವ್ ಅಲ್ಲಿಗೆ ತಾಗಿ ಬಾಗಿ ನೆಲಕ್ಕೆ ಮರಳುತ್ತದೆ, ನೆಲದಿಂದ ಮತ್ತೆ ಮೇಲೇಳುತ್ತದೆ. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಬಿಲ್ಲೆಗಲ್ಲು ಪುಟಿಪುಟಿದು ಸಾಗುವ ಹಾಗೆ ಅದು ಖಂಡಗಳನ್ನು ದಾಟುತ್ತದೆ. ಈ ಪದರ ಹಗಲಿಗೊಂದು ಬಗೆ, ಇರುಳಿಗೊಂದು ಬಗೆ. 7 ಮೆಗಾಹರ್ಟ್ಸ್ ಹಗಲಿನಲ್ಲಿ ನೆರೆಯ ರಾಜ್ಯಗಳವರೆಗೆ ಚೆನ್ನಾಗಿ ಕೇಳಿದರೆ ಇರುಳಾದಂತೆ ಸಮುದ್ರ ದಾಟುತ್ತದೆ. 28 ಮೆಗಾಹರ್ಟ್ಸ್ ಹಗಲಿನ ಗೆಳೆಯ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ಏರಿದ ವರ್ಷಗಳಲ್ಲಿ ಹ್ಯಾಮ್‌ಗಳಿಗೆ ಸುಗ್ಗಿ. ಸೂರ್ಯೋದಯ, ಸೂರ್ಯಾಸ್ತ, ಋತು, ಸೌರ ಬಿರುಗಾಳಿ ಎಲ್ಲವನ್ನೂ ಗಮನಿಸುತ್ತ ಬದುಕುವುದನ್ನು ಈ ಹವ್ಯಾಸ ಕಲಿಸುತ್ತದೆ. ಇವತ್ತು ಸಿಕ್ಕ ಊರು ನಾಳೆ ಸಿಗದಿರಬಹುದು. ಇದರ ಸೆಳೆತದಲ್ಲಿ ಅರ್ಧ ಪಾಲು ಆ ಅನಿಶ್ಚಿತತೆಯದು.

ಹಲಸಿನ ಮರದಿಂದ ಕೊಲಂಬೊಗೆ

ಮಲೆನಾಡಿನ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಒಂದು ಸಂಜೆ ಇದನ್ನು ಹತ್ತಿರದಿಂದ ನೋಡಿದೆ. ಅಂಗಳದ ಹಲಸಿನ ಮರದಿಂದ ಹಿತ್ತಲ ತೆಂಗಿನ ಮರಕ್ಕೆ ತಾಮ್ರದ ತಂತಿ ಎಳೆದಿದ್ದರು. ಒಂದೊಂದು ಕಡೆಗೆ ಹತ್ತು ಮೀಟರಿನಂತೆ ಒಟ್ಟು ಇಪ್ಪತ್ತು ಮೀಟರ್. 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 40 ಮೀಟರ್. ಅದರ ಅರ್ಧ ಉದ್ದದ ಈ ತಂತಿಗೆ ಡೈಪೋಲ್ ಎನ್ನುತ್ತಾರೆ. ನಡುವಿನಿಂದ ಕೇಬಲ್ ಇಳಿದು ಕಿಟಕಿಯ ಮೂಲಕ ಒಳಗಿನ ಮೇಜಿಗೆ ಬಂದಿತ್ತು. ಮೇಜಿನ ಮೇಲೆ ಒಂದು ಸೆಟ್, ಪಕ್ಕದಲ್ಲಿ ಬ್ಯಾಟರಿ, ಮೋರ್ಸ್ ಕೀಲಿ, ರೂಲು ಹಾಕಿದ ಲಾಗ್ ಪುಸ್ತಕ.

ಮೇಷ್ಟರು ಮೊದಲು ಬಹಳ ಹೊತ್ತು ಬರೀ ಕೇಳಿದರು. ಯಾರೂ ಇಲ್ಲದ ಜಾಗ ಹುಡುಕಿ, ‘ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ?’ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಉತ್ತರ ಬಾರದಿದ್ದಾಗ ‘ಸಿಕ್ಯೂ, ಸಿಕ್ಯೂ, ಸಿಕ್ಯೂ’ ಎಂದು ಕರೆದು, ‘ವಿಕ್ಟರ್ ಯೂನಿಫಾರ್ಮ್ ಟೂ...’ ಎಂದು ತಮ್ಮ ನಿಲಯದ ಗುರುತಾದ ಕಾಲ್‌ಸೈನ್ ಹೇಳಿದರು. ‘ಯಾರಾದರೂ ಸರಿ, ಮಾತಾಡಿ’ ಎಂಬುದು ಸಿಕ್ಯೂ ಕರೆಯ ತಾತ್ಪರ್ಯ. ನಾಲ್ಕೈದು ಸಲ ಕರೆದರೂ ಗೊರಗೊರ ಸದ್ದಷ್ಟೇ. ಆಮೇಲೆ ಆ ಸದ್ದಿನ ಆಳದಿಂದ ಒಂದು ದನಿ ಮೇಲೆದ್ದು ಬಂತು. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಅದು ಸ್ಪಷ್ಟವಾಯಿತು. ಕೊಲಂಬೊದವರು. ‘ಫೈವ್ ನೈನ್’ ಎಂದು ಇವರ ದನಿಗೆ ಅಂಕ ಕೊಟ್ಟರು. ದನಿ ಸ್ಪಷ್ಟ, ಬಲವೂ ಚೆನ್ನಾಗಿದೆ ಎಂದು ಅರ್ಥ. ಹೆಸರು, ಊರು, ಬಳಸುವ ಆಂಟೆನಾ ಹೇಳಿಕೊಂಡರು. ಅಲ್ಲಿ ಮಳೆ ಹಿಡಿದಿತ್ತು, ಇಲ್ಲೂ ಮಳೆ. ಕೊನೆಗೆ ‘ಸೆವೆಂಟಿ ತ್ರೀ’ ಎಂದು ಪರಸ್ಪರ ಶುಭ ಕೋರಿದರು.

‘ಅಜ್ಜ, ನಿಂಗೆ ಅವರ ಪರಿಚಯ ಇತ್ತಾ?’ ಎಂದು ಪಕ್ಕದಲ್ಲಿ ಕೂತ ಮೊಮ್ಮಗ ಕೇಳಿದ.

‘ಇಲ್ಲ ಮಾರಾಯ. ಈಗ ಆಯ್ತಲ್ಲ’ ಎಂದು ಮೇಷ್ಟರು ಲಾಗ್ ಪುಸ್ತಕದಲ್ಲಿ ತಾರೀಕು, ವೇಳೆ, ಫ್ರೀಕ್ವೆನ್ಸಿ ಬರೆದುಕೊಂಡರು.

ಇಂಥ ಪರಿಚಯಕ್ಕೆ ಸಾಕ್ಷಿಯಾಗಿ ಹ್ಯಾಮ್‌ಗಳು ಒಬ್ಬರಿಗೊಬ್ಬರು ಕ್ಯುಎಸ್‌ಎಲ್ ಕಾರ್ಡ್ ಕಳಿಸುತ್ತಾರೆ. ಮೇಷ್ಟರ ಬಳಿ ಅಂಥ ಕಾರ್ಡುಗಳ ಪೆಟ್ಟಿಗೆಯೇ ಇದೆ. ಹೆಸರೂ ಕೇಳಿರದ ದ್ವೀಪಗಳ ಚಿತ್ರ, ಮೇಲೆ ದಪ್ಪಕ್ಷರದ ಕಾಲ್‌ಸೈನ್, ಹಿಂದೆ ಕೈಬರಹದ ಒಂದು ಸಾಲು. ಜೋರ್ಡಾನಿನ ದೊರೆ ಹುಸೇನ್ ‘ಜೆವೈ1’ ಎಂಬ ಕಾಲ್‌ಸೈನಿನಿಂದ ಗಾಳಿಗೆ ಬರುತ್ತಿದ್ದರು. ನಮ್ಮ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ‘ವಿಯು2ಆರ್‌ಜಿ’. ಗಾಳಿಯಲ್ಲಿ ದೊರೆಗೂ ಮೇಷ್ಟರಿಗೂ ಒಂದೇ ನಿಯಮ: ಮೊದಲು ಕೇಳು, ಜಾಗ ಖಾಲಿಯಿದ್ದರೆ ಮಾತಾಡು, ಇನ್ನೊಬ್ಬರಿಗೆ ದಾರಿ ಬಿಡು. ವ್ಯಾಪಾರದ ಮಾತಿಲ್ಲ, ಹಾಡು ಹಾಕುವಂತಿಲ್ಲ, ಗುಪ್ತ ಸಂಕೇತ ಬಳಸುವಂತಿಲ್ಲ, ದುಡ್ಡು ಪಡೆಯುವಂತಿಲ್ಲ. ಆಡಿದ್ದೆಲ್ಲ ಯಾರು ಬೇಕಾದರೂ ಕೇಳಬಹುದಾದ ಬಯಲ ಮಾತು. ಅಪರಿಚಿತರ ಮಧ್ಯೆ ಮರ್ಯಾದೆ ಉಳಿದಿರುವ ಇಂಥ ಸಾರ್ವಜನಿಕ ಜಾಗ ಇಂದು ಅಪರೂಪ.

ಕೈಯಾರೆ ಕಟ್ಟಿದ್ದು

ಮಾತಿಗಿಂತ ಕಟ್ಟುವುದರಲ್ಲೇ ಸುಖ ಕಾಣುವವರೂ ಬಹಳ. ಹೈದರಾಬಾದಿನ ಅಷ್ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಬಿಟ್‌ಎಕ್ಸ್ ಸೆಟ್ ಜಗತ್ತಿನ ಹ್ಯಾಮ್‌ಗಳ ನಡುವೆ ಮನೆಮಾತು. ಆಮದು ಸೆಟ್ಟುಗಳ ಬೆಲೆ ಕೈಗೆಟುಕದ ನಮ್ಮ ದೇಶದಲ್ಲಿ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಟ್ರಾನ್ಸಿಸ್ಟರು, ರೆಸಿಸ್ಟರುಗಳಿಂದಲೇ ಕಟ್ಟಬಹುದಾದ ಸೆಟ್ ಬೇಕಿತ್ತು. ತಂತಿಯ ಸುರುಳಿ ಸುತ್ತಲು ವಿದೇಶಿ ಟೊರಾಯ್ಡ್ ಬಳೆ ಸಿಗದಿದ್ದರೆ ನಲ್ಲಿಗೆ ಹಾಕುವ ವಾಷರ್ ಸಾಕು ಎಂದು ಆ ವಿನ್ಯಾಸ ತೋರಿಸಿಕೊಟ್ಟಿತು. ಅದರ ಶಕ್ತಿ ಹತ್ತು ವ್ಯಾಟಿಗೂ ಕಡಿಮೆ. ಅಷ್ಟರಲ್ಲೇ ಸಾಗರ ದಾಟಿದವರಿದ್ದಾರೆ. ಸರ್ಕ್ಯೂಟಿನ ನಕ್ಷೆಯನ್ನು ಫರ್ಹಾನ್ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಕಲಿತದ್ದನ್ನು ಮುಚ್ಚಿಟ್ಟುಕೊಳ್ಳದಿರುವುದು ಈ ಬಳಗದ ಹಳೆಯ ಸಂಪ್ರದಾಯ. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ, ಮನೆಗೆ ತಂದು ಬೆಸುಗೆ ಹಾಕಿ, ತಾನೇ ಕಟ್ಟಿದ ಸೆಟ್ಟಿನಿಂದ ಮೊದಲ ದನಿ ಕೇಳಿದವನಿಗೆ ಪುಸ್ತಕದ ಎಲೆಕ್ಟ್ರಾನಿಕ್ಸ್ ಎಂದೂ ಮರೆಯುವುದಿಲ್ಲ.

ಉಪಗ್ರಹಗಳನ್ನೂ ಇವರು ಬಿಟ್ಟಿಲ್ಲ. ಸ್ಪುಟ್ನಿಕ್ ಹಾರಿ ನಾಲ್ಕು ವರ್ಷವಾಗಿತ್ತಷ್ಟೆ. 1961ರ ಡಿಸೆಂಬರ್ 12ರಂದು ಅಮೆರಿಕದ ಹವ್ಯಾಸಿಗಳು ಮನೆಯಲ್ಲಿ ಕಟ್ಟಿದ ಸುಮಾರು ನಾಲ್ಕೂವರೆ ಕಿಲೊ ತೂಕದ ಆಸ್ಕರ್-1 ಕಕ್ಷೆಗೆ ಸೇರಿತು. ಮೋರ್ಸ್ ಸಂಕೇತದಲ್ಲಿ ಅದು ‘ಹಾಯ್’ ಎಂದು ಕೂಗುತ್ತ ಭೂಮಿ ಸುತ್ತಿತು. ನಮ್ಮ ಸರದಿ 2005ರ ಮೇ 5ರಂದು ಬಂತು. ಕಾರ್ಟೊಸ್ಯಾಟ್-1 ಜೊತೆಗೆ ಪಿಎಸ್‌ಎಲ್‌ವಿ-ಸಿ6 ಏರಿ ಹೋದ 42.5 ಕಿಲೊದ ಹ್ಯಾಮ್‌ಸ್ಯಾಟ್ ಸಿದ್ಧವಾದದ್ದು ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ, ಹವ್ಯಾಸಿಗಳ ಸಹಯೋಗದಲ್ಲಿ. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ಕಟ್ಟಿದವರು ನೆದರ್ಲೆಂಡ್ಸಿನ ವಿದ್ಯಾರ್ಥಿ ವಿಲಿಯಂ ಲೈಯನಾರ್. ನಿರೀಕ್ಷಿಸಿದ ಆಯಸ್ಸನ್ನು ಎಷ್ಟೋ ಪಾಲು ಮೀರಿ, 2014ರ ಜುಲೈನಲ್ಲಿ ಬ್ಯಾಟರಿ ಸೋಲುವವರೆಗೂ ಅದು ಜಗತ್ತಿನ ಹ್ಯಾಮ್‌ಗಳ ಮಾತನ್ನು ಹೊತ್ತು ಸುತ್ತಿತು.

ನಮ್ಮ ನೆಲದ ಹವ್ಯಾಸಿಗಳು

ಭಾರತದಲ್ಲಿ ಹವ್ಯಾಸಿ ರೇಡಿಯೊ 1921ರ ಸುಮಾರಿಗೆ ಕಲ್ಕತ್ತದಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಶುರು ಮಾಡಿದರು. ಅದು ಪ್ರಸಾರ ನಿಲಯವೇ ಹೊರತು ಹ್ಯಾಮ್ ನಿಲಯವಲ್ಲ. ಆದರೆ ಲಾಭಕ್ಕೆ ಕಾಯದೆ ತನ್ನ ಮನೆಯಿಂದ, ತನ್ನ ಖರ್ಚಿನಿಂದ ಊರಿಗೊಂದು ದನಿ ಕೊಟ್ಟ ಆ ಹುರುಪು ಹವ್ಯಾಸಿಯದೇ.

ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಲೈಸೆನ್ಸ್ ರದ್ದು ಮಾಡಿತು. ಅದರ ಭಯ ಸುಳ್ಳಾಗಿರಲಿಲ್ಲ. 1942ರ ಆಗಸ್ಟಿನಲ್ಲಿ, ನಾಯಕರೆಲ್ಲ ಜೈಲಿನಲ್ಲಿದ್ದಾಗ, ಬೊಂಬಾಯಿಯಲ್ಲಿ 22 ವರ್ಷದ ವಿದ್ಯಾರ್ಥಿನಿ ಉಷಾ ಮೆಹ್ತಾ ಮತ್ತು ಗೆಳೆಯರು 42.34 ಮೀಟರ್ ತರಂಗದಲ್ಲಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಅದರ ಟ್ರಾನ್ಸ್‌ಮಿಟರ್ ಸಿದ್ಧವಾದದ್ದು ನರಿಮನ್ ಪ್ರಿಂಟರ್ ಎಂಬ ರೇಡಿಯೊ ತಜ್ಞರ ಕೈಯಲ್ಲಿ. ಪೊಲೀಸರಿಗೆ ಸಿಗದಂತೆ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಸುಮಾರು ಮೂರು ತಿಂಗಳು ಅದು ನಡೆಯಿತು. ನವೆಂಬರ್ 12ರಂದು ಉಷಾ ಬಂಧನವಾಯಿತು. ಒಬ್ಬ ಪ್ರಜೆಯ ಕೈಯಲ್ಲಿ ಟ್ರಾನ್ಸ್‌ಮಿಟರ್ ಇದ್ದರೆ ಅದೆಷ್ಟು ದೊಡ್ಡ ಶಕ್ತಿ ಎಂಬುದನ್ನು ಸಾಮ್ರಾಜ್ಯ ಚೆನ್ನಾಗಿ ಅರಿತಿತ್ತು. ಇಂದಿನ ಹ್ಯಾಮ್‌ಗಳಿಗೆ ರಾಜಕೀಯ ಪ್ರಸಾರಕ್ಕೆ ಅವಕಾಶವಿಲ್ಲ. ಆದರೆ ಸ್ವತಂತ್ರ ದೇಶ ತನ್ನ ಪ್ರಜೆಯನ್ನು ನಂಬಿ ಆ ಟ್ರಾನ್ಸ್‌ಮಿಟರನ್ನು ಕೈಗಿತ್ತಿದೆ ಎಂಬುದನ್ನು ಮರೆಯಬಾರದು.

ಎಲ್ಲ ಮುರಿದು ಬಿದ್ದಾಗ

ಆ ನಂಬಿಕೆಯನ್ನು ಹ್ಯಾಮ್‌ಗಳು ಉಳಿಸಿಕೊಂಡದ್ದು ಆಪತ್ತಿನಲ್ಲಿ. 1928ರ ಮೇ 25ರಂದು ನೊಬಿಲೆ ಎಂಬುವರ ನೇತೃತ್ವದ ವಾಯುನೌಕೆ ‘ಇಟಾಲಿಯಾ’ ಉತ್ತರ ಧ್ರುವದ ಹಿಮರಾಶಿಯ ಮೇಲೆ ಅಪ್ಪಳಿಸಿತು. ಬದುಕುಳಿದವರ ಪುಟ್ಟ ರೇಡಿಯೊದ ಕರೆಯನ್ನು ಅವರದೇ ನೆರವಿನ ಹಡಗು ಕೇಳಿಸಿಕೊಳ್ಳಲಿಲ್ಲ. ಜೂನ್ 3ರಂದು ಆ ಮೊರೆಯನ್ನು ಹಿಡಿದವರು ರಷ್ಯದ ಒಳನಾಡಿನ ಹಳ್ಳಿಯ ಹವ್ಯಾಸಿ ನಿಕೊಲಾಯ್ ಶ್ಮಿಟ್. ಬದುಕುಳಿದವರಿದ್ದಾರೆ ಎಂದು ಜಗತ್ತಿಗೆ ತಿಳಿದದ್ದು ಅವರಿಂದ.

ನಮ್ಮಲ್ಲಿ 2004ರ ಡಿಸೆಂಬರನ್ನು ಯಾವ ಹ್ಯಾಮ್ ಕೂಡ ಮರೆತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ತಂಡದೊಂದಿಗೆ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಅಂಡಮಾನಿನಿಂದ ಹ್ಯಾಮ್ ನಿಲಯ ನಡೆಸಲು ವರ್ಷಗಟ್ಟಲೆ ಪ್ರಯತ್ನದ ಬಳಿಕ ಒಪ್ಪಿಗೆ ಸಿಕ್ಕಿತ್ತು; ಜಗತ್ತಿನ ಹವ್ಯಾಸಿಗಳು ಆ ದ್ವೀಪದ ದನಿಗಾಗಿ ಮುಗಿಬಿದ್ದಿದ್ದರು. ಡಿಸೆಂಬರ್ 26ರ ಬೆಳಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಯಿತು. ಭಾರತಿ ತಮ್ಮ ಸೆಟ್ಟನ್ನು ಮತ್ತೆ ಸಜ್ಜುಗೊಳಿಸಿ ಮುಖ್ಯ ಭೂಭಾಗದ ಹ್ಯಾಮ್‌ಗಳಿಗೆ ಸುದ್ದಿ ಮುಟ್ಟಿಸಿದರು. ಆ ಕ್ಷಣದಿಂದ ಹವ್ಯಾಸ ಸೇವೆಯಾಯಿತು: ಬದುಕಿರುವವರ ಹೆಸರು, ಬಂಧುಗಳ ವಿಚಾರಣೆ, ಔಷಧಿ, ಆಹಾರದ ಬೇಡಿಕೆಗಳು ಹಗಲಿರುಳು ಸಾಗಿದವು. ಕಾರ್ ನಿಕೋಬಾರಿನಲ್ಲೂ ನಿಲಯ ತೆರೆಯಿತು. 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪದಲ್ಲೂ ಹ್ಯಾಮ್‌ಗಳು ಹೀಗೇ ದುಡಿದಿದ್ದರು. ಪಶ್ಚಿಮ ಬಂಗಾಳದ ಹ್ಯಾಮ್‌ಗಳು ಗಂಗಾಸಾಗರ ಜಾತ್ರೆಯಲ್ಲಿ ಕಳೆದುಹೋದವರನ್ನು ಮನೆಗೆ ಮುಟ್ಟಿಸುತ್ತಾರೆ.

ಟವರ್ ಬಿದ್ದರೆ, ಕರೆಂಟು ಹೋದರೆ, ಕೇಬಲ್ ಕಡಿದರೆ ಮೊಬೈಲ್ ಮೂಕವಾಗುತ್ತದೆ. ಒಂದು ಬ್ಯಾಟರಿ, ಒಂದು ಸೆಟ್, ಒಂದು ತಂತಿ ಮತ್ತು ಅದನ್ನು ಬಲ್ಲ ಮನುಷ್ಯ ಇದ್ದರೆ ಹ್ಯಾಮ್ ನಿಲಯ ಅರ್ಧ ಗಂಟೆಯಲ್ಲಿ ಸಿದ್ಧ. ಆದರೆ ಆ ಮನುಷ್ಯ ಆಪತ್ತು ಬಂದ ದಿನ ತಯಾರಾಗುವುದಿಲ್ಲ. ಹತ್ತು ವರ್ಷ ‘ಸುಮ್ಮನೆ’ ಮಾತಾಡುತ್ತ ಕಳೆದ ಸಂಜೆಗಳಲ್ಲಿ ಅವನು ತಯಾರಾಗಿರುತ್ತಾನೆ.

ಹೊಸಬರಿಗೆ ಜಾಗವಿದೆ

ಇದು ಹಳಬರ ಹವ್ಯಾಸವೆಂಬ ಮಾತಿದೆ. ಒಪ್ಪುವಂತಿಲ್ಲ. 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೋಸೆಫ್ ಟೇಲರ್ ಹುಡುಗನಾಗಿದ್ದಾಗಲೇ ಹ್ಯಾಮ್. ಅವರೂ ಸ್ಟೀವ್ ಫ್ರ್ಯಾಂಕೆ ಅವರೂ ಸೇರಿ 2017ರಲ್ಲಿ ಹೊರತಂದ ಎಫ್‌ಟಿ8 ವಿಧಾನ, ಕಿವಿಗೆ ಕೇಳಿಸಲಾರದಷ್ಟು ಕ್ಷೀಣವಾದ ಸಂಕೇತವನ್ನು ಕಂಪ್ಯೂಟರಿನಿಂದ ಓದಿಸುತ್ತದೆ. ಚಂದ್ರನಿಗೆ ಅಲೆ ತಾಗಿಸಿ ಮರಳಿ ಪಡೆಯುವವರಿದ್ದಾರೆ. ಹೋಗಿ ಬರಲು ಅದಕ್ಕೆ ಎರಡೂವರೆ ಸೆಕೆಂಡು ಬೇಕು. ಮೋರ್ಸ್ ಪ್ರಿಯರು ಮೋರ್ಸ್ ಹಿಡಿದಿದ್ದಾರೆ, ಸಾಫ್ಟ್‌ವೇರ್ ಬಲ್ಲವರು ಸಾಫ್ಟ್‌ವೇರ್ ರೇಡಿಯೊ ಹಿಡಿದಿದ್ದಾರೆ.

ತೊಡಕುಗಳೂ ನಿಜ. ಅಪಾರ್ಟ್‌ಮೆಂಟುಗಳಲ್ಲಿ ತಾರಸಿಗೆ ಆಂಟೆನಾ ಹಾಕಲು ಒಪ್ಪಿಗೆ ಸಿಗುವುದು ಕಷ್ಟ. ಕಳಪೆ ಚಾರ್ಜರ್, ಎಲ್‌ಇಡಿ ದೀಪಗಳ ಗದ್ದಲದಲ್ಲಿ ಕ್ಷೀಣ ದನಿಗಳು ಮುಳುಗುತ್ತವೆ. ಪರೀಕ್ಷೆ ಪಾಸಾದ ಮೇಲೂ ಲೈಸೆನ್ಸಿಗೆ ಬಹಳ ಕಾಯಬೇಕಾಗುವುದುಂಟು. ಉತ್ಸಾಹಿ ಹುಡುಗನೊಬ್ಬ ಕಾದು ಬೇಸತ್ತು ಬೇರೆ ದಾರಿ ಹಿಡಿದರೆ ನಷ್ಟ ದೇಶದ್ದು. ಸರ್ಕಾರ ಇದನ್ನು ಸರಿಪಡಿಸಬೇಕು.

ದಾರಿ ಮಾತ್ರ ಕಠಿಣವಲ್ಲ. 12 ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಗೆ ಅರ್ಜಿ ಹಾಕಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊದ ಮೂಲ ಪಾಠ ಮತ್ತು ನಿಯಮಗಳು ಸಾಕು. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಕೂಡ ಬರಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಮತ್ತು ಮಂಗಳೂರಿನ ಹವ್ಯಾಸಿ ರೇಡಿಯೊ ಕ್ಲಬ್ಬುಗಳು ಕಲಿಯಬಯಸುವವರ ಕೈ ಹಿಡಿಯುತ್ತವೆ.

ನಮ್ಮ ರಾಜ್ಯದಲ್ಲಿ ಊರಿಗೊಂದರಂತೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊಡಗು, ಉತ್ತರ ಕನ್ನಡದ ಗುಡ್ಡ ಪ್ರದೇಶಗಳಲ್ಲಿ ಮಳೆಗಾಲ ಬಂದರೆ ನೆಟ್‌ವರ್ಕ್ ಕೈಕೊಡುವುದು ಎಲ್ಲರಿಗೂ ಗೊತ್ತು. ಪ್ರತಿ ಎಂಜಿನಿಯರಿಂಗ್ ಕಾಲೇಜಿಗೆ ಒಂದು ಹ್ಯಾಮ್ ನಿಲಯ, ಮಲೆನಾಡಿನ ಪ್ರತಿ ತಾಲ್ಲೂಕಿಗೆ ನಾಲ್ಕು ಲೈಸೆನ್ಸ್‌ದಾರರು ಎಂಬ ಗುರಿ ಇಟ್ಟುಕೊಂಡರೆ ಅದಕ್ಕೆ ತಗಲುವ ಖರ್ಚು ದೊಡ್ಡದೇನಲ್ಲ. ಮಿಲ್ ಹಿಲ್ ಶಾಲೆ ಒಂದು ನಿಲಯ ಇಟ್ಟಿತು, ಅಲ್ಲಿಂದ ಆಲ್ ಇಂಡಿಯಾ ರೇಡಿಯೊಗೆ ಮುಖ್ಯ ಎಂಜಿನಿಯರ್ ಸಿಕ್ಕರು. ಹೆತ್ತವರು, ಮೇಷ್ಟರು, ಪ್ರಿನ್ಸಿಪಾಲರು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಪ್ರಜೆಯ ಹೆಸರಿನಲ್ಲಿ ಎತ್ತಿಟ್ಟ ಪಾಲು ಬಳಸದೆ ಬಿಟ್ಟರೆ ಬೇರೆಯವರ ಪಾಲಾಗುತ್ತದೆ. ನಿಮ್ಮ ಮನೆಯಲ್ಲಿ ರೇಡಿಯೊ ಬಿಚ್ಚಿ ನೋಡುವ ಮಗು ಇದ್ದರೆ ಗದರಬೇಡಿ. ಹತ್ತಿರದ ಹ್ಯಾಮ್ ಒಬ್ಬರ ಮನೆಗೆ ಕರೆದೊಯ್ಯಿರಿ.